ಸತ್ತ ತಂಡದ ಸಂಪಾದನೆ

ಸ್ಪಿರಿಟ್ಸ್ ಆಫ್ ಸೇಂಟ್ ಲೂಯಿಸ್ ಎಂಬ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಆಡಿದ್ದು ಎರಡೇ ಸೀಸನ್. 1974ರಲ್ಲಿ ಆ ಹೆಸರು ಪಡೆಯಿತು, 1976ರ ಬೇಸಿಗೆಯಲ್ಲಿ ಬಾಗಿಲು ಹಾಕಿತು. ಗೆದ್ದ ಪ್ರಶಸ್ತಿ ಒಂದೂ ಇಲ್ಲ. ಎರಡನೆಯ ಸೀಸನ್ನಿನಲ್ಲಂತೂ ನೋಡಲು ಬರುವವರೇ ಇರಲಿಲ್ಲ. ಹೀಗೆ ಅಳಿದುಹೋದ ತಂಡದ ಮಾಲೀಕರು ಓಜಿ ಸಿಲ್ನಾ ಮತ್ತು ಡೇನಿಯಲ್ ಸಿಲ್ನಾ ಎಂಬ ಅಣ್ಣತಮ್ಮಂದಿರು. ತಂಡ ಹೋದ ಮೇಲೂ ಮೂರು ದಶಕಕ್ಕೂ ಹೆಚ್ಚು ಕಾಲ ಅವರ ಖಾತೆಗೆ ಅಮೆರಿಕದ ಮುಖ್ಯ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಹಣ ಬಂದು ಬೀಳುತ್ತಲೇ ಇತ್ತು. ಸುಮಾರು 30 ಕೋಟಿ ಡಾಲರ್ ಕೊಟ್ಟು ಸುಸ್ತಾದ ಎನ್‌ಬಿಎ, 2014ರ ಜನವರಿಯಲ್ಲಿ ಆ ಹಳೆಯ ಒಪ್ಪಂದದ ಬಹುಪಾಲನ್ನು ಕಳಚಿಕೊಳ್ಳಲು ಒಂದೇ ಗಂಟಿನಲ್ಲಿ ಮತ್ತೆ 50 ಕೋಟಿ ಡಾಲರ್ ತೆರಬೇಕಾಯಿತು.

ಚೆಂಡೇ ಮುಟ್ಟದ ತಂಡಕ್ಕೆ ಇಷ್ಟು ದುಡ್ಡು ಏಕೆ? ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕನ ಕೈಯಲ್ಲಿ ನಿಜಕ್ಕೂ ಇರುವುದೇನು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಆಟಗಾರರು ಅವನವರಲ್ಲ, ಕರಾರು ಮುಗಿದರೆ ಹೊರಟುಹೋಗುತ್ತಾರೆ. ಅಂಗಣ ಅನೇಕ ಕಡೆ ನಗರಸಭೆಯದು. ಅಭಿಮಾನಿಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಉಳಿಯುವುದು ಲೀಗಿನೊಳಗೆ ಒಂದು ಜಾಗ, ಅಷ್ಟೇ. ನಮ್ಮ ಕರಾವಳಿಯ ಖಾಸಗಿ ಬಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಸ್ಸು ಹಳತಾದರೆ ಗುಜರಿಗೆ ಹೋಗುತ್ತದೆ, ಬೆಲೆ ಇರುವುದು ಪರ್ಮಿಟ್ಟಿಗೆ.

ಆದರೆ ಎನ್‌ಬಿಎ ಹುಟ್ಟಿದ ಕಾಲಕ್ಕೆ ಈ ಪರ್ಮಿಟ್ಟಿಗೂ ಕವಡೆ ಕಿಮ್ಮತ್ತು ಇರಲಿಲ್ಲ. 1946ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೊಮೊಡೋರ್ ಹೋಟೆಲಿನಲ್ಲಿ ಸೇರಿ ಲೀಗ್ ಕಟ್ಟಿದವರಲ್ಲಿ ಹೆಚ್ಚಿನವರು ಐಸ್ ಹಾಕಿ ಅಂಗಣಗಳ ಯಜಮಾನರು. ಹಾಕಿ ಇಲ್ಲದ ರಾತ್ರಿಗಳಲ್ಲಿ ಅಂಗಣ ಖಾಲಿ ಬೀಳಬಾರದು ಎಂಬುದೇ ಅವರ ಚಿಂತೆ. ಆ ವರ್ಷದ ನವೆಂಬರ್ 1ರಂದು ಕೆನಡಾದ ಟೊರಾಂಟೊದಲ್ಲಿ ಮೊದಲ ಪಂದ್ಯ ನಡೆಯಿತು. ಜನರನ್ನು ಸೆಳೆಯಲು ಟೊರಾಂಟೊ ಹಸ್ಕೀಸ್ ತಂಡ ಒಂದು ಉಪಾಯ ಹೂಡಿತ್ತು: ತನ್ನ ಅತಿ ಎತ್ತರದ ಆಟಗಾರ, ಆರಡಿ ಎಂಟಂಗುಲದ ಜಾರ್ಜ್ ನಾಸ್ಟ್ರಾಂಡ್‌ಗಿಂತ ಉದ್ದ ಇರುವವರಿಗೆಲ್ಲ ಉಚಿತ ಪ್ರವೇಶ. ಆ ರಾತ್ರಿ ನ್ಯೂಯಾರ್ಕ್ ನಿಕ್ಸ್ 68-66ರಿಂದ ಗೆದ್ದಿತು. ಹಸ್ಕೀಸ್ ಒಂದೇ ಸೀಸನ್ನಿಗೆ ಕಣ್ಣು ಮುಚ್ಚಿತು. ಜೊತೆಗೆ ಕ್ಲೀವ್‌ಲೆಂಡ್, ಡೆಟ್ರಾಯಿಟ್, ಪಿಟ್ಸ್‌ಬರ್ಗ್ ತಂಡಗಳೂ ಹೋದವು. ಮೊದಲ ವರ್ಷ ಆಡಿದ 11 ತಂಡಗಳಲ್ಲಿ ಇಂದಿಗೂ ಉಳಿದಿರುವುದು ಮೂರು ಮಾತ್ರ: ನಿಕ್ಸ್, ಬಾಸ್ಟನ್ ಸೆಲ್ಟಿಕ್ಸ್, ಮತ್ತು ಆಗ ಫಿಲಡೆಲ್ಫಿಯಾದಲ್ಲಿದ್ದು ಈಗ ಕ್ಯಾಲಿಫೋರ್ನಿಯಾ ಸೇರಿರುವ ವಾರಿಯರ್ಸ್.

1949ರಲ್ಲಿ ಎದುರಾಳಿ ಲೀಗ್ ಒಂದನ್ನು ಒಳಗೆ ಸೇರಿಸಿಕೊಂಡು ಎನ್‌ಬಿಎ ಎಂಬ ಹೆಸರಿಟ್ಟುಕೊಂಡಾಗ ತಂಡಗಳು 17 ಆದವು. ಶೆಬಾಯ್ಗನ್, ವಾಟರ್ಲೂ, ಆ್ಯಂಡರ್ಸನ್‌ನಂಥ ಸಣ್ಣ ಊರುಗಳೂ ಅದರಲ್ಲಿದ್ದವು. ಆದಾಯವೆಂದರೆ ಬಾಗಿಲಲ್ಲಿ ಹರಿದ ಟಿಕೆಟ್ ಮಾತ್ರ. ಮರುವರ್ಷಕ್ಕೆ 17 ಹೋಗಿ 11 ಆಯಿತು. ಶಿಕಾಗೊ ಸ್ಟ್ಯಾಗ್ಸ್ ಮುಚ್ಚಿದಾಗ ಅದರ ಮೂವರು ಆಟಗಾರರ ಹೆಸರನ್ನು ಚೀಟಿಯಲ್ಲಿ ಬರೆದು ಹ್ಯಾಟಿನೊಳಗೆ ಹಾಕಿ, ಮೂರು ತಂಡಗಳ ಯಜಮಾನರು ಒಂದೊಂದು ಎತ್ತಿಕೊಂಡರು. ಬಾಸ್ಟನ್ನಿನ ವಾಲ್ಟರ್ ಬ್ರೌನ್ ಕೈಗೆ ಬಂದ ಚೀಟಿಯಲ್ಲಿದ್ದದ್ದು ಬಾಬ್ ಕೌಸಿ, ಬಾಸ್ಟನ್ನಿಗೆ ಅಷ್ಟೇನೂ ಬೇಡವಾಗಿದ್ದ ಹುಡುಗ. ಮುಂದೆ ಸೆಲ್ಟಿಕ್ಸ್ ಅವನೊಂದಿಗೆ ಆರು ಪ್ರಶಸ್ತಿ ಗೆದ್ದಿತು.

ಬಾಲ್ಟಿಮೋರ್ ಬುಲೆಟ್ಸ್ ಕಥೆ ಇನ್ನೂ ಕಹಿ. 1948ರ ಚಾಂಪಿಯನ್ ಅದು. 1954ರ ನವೆಂಬರ್ 27ರಂದು, ಸೀಸನ್ನಿನ ನಟ್ಟನಡುವೆ, 14 ಪಂದ್ಯ ಆಡಿ 11 ಸೋತ ಮೇಲೆ ತಂಡವನ್ನೇ ಕೈಬಿಟ್ಟರು. ಆಡಿದ ಪಂದ್ಯಗಳನ್ನು ಅಂಕಪಟ್ಟಿಯಿಂದ ಅಳಿಸಿಹಾಕಲಾಯಿತು. ಆ ವರ್ಷದ ಕಾಲೇಜು ಆಟಗಾರರ ಆಯ್ಕೆಯಲ್ಲಿ ಇಡೀ ದೇಶಕ್ಕೇ ಮೊದಲಿಗನಾಗಿ ಬಂದಿದ್ದ ಫ್ರಾಂಕ್ ಸೆಲ್ವಿ, ಕಾಲೇಜು ಪಂದ್ಯವೊಂದರಲ್ಲಿ ನೂರು ಅಂಕ ಹೊಡೆದವನು, ಮಿಲ್ವಾಕಿ ತಂಡದ ಪಾಲಾದ. ಪ್ರಶಸ್ತಿ ಗೆದ್ದು ನಾಮಾವಶೇಷವಾದ ಎನ್‌ಬಿಎ ತಂಡ ಇದೊಂದೇ. ಕೊನೆಯದಾಗಿ ಸತ್ತ ಎನ್‌ಬಿಎ ತಂಡವೂ ಇದೇ.

ಸಾವಿನ ಈ ಸುಗ್ಗಿಯಲ್ಲೇ ಒಬ್ಬರು ಜಾಗದ ಬೆಲೆ ಅರಿತಿದ್ದರು. ಅಥವಾ ಅದೃಷ್ಟ ಅವರ ಕೈ ಹಿಡಿಯಿತು ಎನ್ನೋಣ. 1947ರಲ್ಲಿ ಮಿನಿಯಾಪೊಲಿಸ್‌ನ ಬೆನ್ ಬರ್ಗರ್ ಮತ್ತು ಜೊತೆಗಾರರು ಡೆಟ್ರಾಯಿಟ್ ಜೆಮ್ಸ್ ಎಂಬ ತಂಡವನ್ನು 15,000 ಡಾಲರಿಗೆ ಕೊಂಡರು. ಹಿಂದಿನ ಸೀಸನ್ನಿನಲ್ಲಿ 44 ಪಂದ್ಯ ಆಡಿ 40 ಸೋತ ತಂಡ ಅದು. ಆಟಗಾರರು ಬರಲೇ ಇಲ್ಲ. ಕೊಂಡದ್ದು ಎನ್‌ಬಿಎ ಮುಂದೆ ಒಳಗೆ ಸೇರಿಸಿಕೊಂಡ ಆ ಎದುರಾಳಿ ಲೀಗಿನ ಸದಸ್ಯತ್ವ ಮಾತ್ರ. ಅದೇ ಹೊತ್ತಿಗೆ ಮತ್ತೊಂದು ಲೀಗ್ ಹುಟ್ಟಿದ ಕೆಲವೇ ವಾರಗಳಲ್ಲಿ ಕುಸಿದು, ಆ ಕಾಲದ ದೈತ್ಯ ಜಾರ್ಜ್ ಮೈಕನ್ ನೆಲೆಯಿಲ್ಲದಂತಾದ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದವರಿಗೆ ಮೊದಲ ಹಕ್ಕು ಎಂಬುದು ನಿಯಮ. ಜೆಮ್ಸ್‌ನ ಸೋಲುಗಳೇ ಆಸ್ತಿಯಾಗಿ ಮೈಕನ್ ಮಿನಿಯಾಪೊಲಿಸ್‌ಗೆ ಬಂದ. ಸಾವಿರಾರು ಸರೋವರಗಳ ನಾಡಾದ್ದರಿಂದ ತಂಡಕ್ಕೆ ಲೇಕರ್ಸ್ ಎಂದು ಹೆಸರಿಟ್ಟರು. 1960ರಲ್ಲಿ ಅದು ಲಾಸ್ ಏಂಜಲೀಸ್‌ಗೆ ಗುಳೆ ಹೋಯಿತು. 1965ರಲ್ಲಿ ಜ್ಯಾಕ್ ಕೆಂಟ್ ಕುಕ್ ಸುಮಾರು 52 ಲಕ್ಷ ಡಾಲರ್ ಕೊಟ್ಟು ಕೊಂಡರು. 1979ರಲ್ಲಿ ಜೆರ್ರಿ ಬಸ್ 6.75 ಕೋಟಿ ಡಾಲರಿಗೆ ಈ ತಂಡವನ್ನೂ ಒಂದು ಹಾಕಿ ತಂಡವನ್ನೂ ಅಂಗಣವನ್ನೂ ಒಂದು ದೊಡ್ಡ ಜಮೀನನ್ನೂ ಸೇರಿಸಿ ಕೊಂಡರು. 2025ರಲ್ಲಿ ಮಾರ್ಕ್ ವಾಲ್ಟರ್ ಲೇಕರ್ಸ್‌ನ ಬಹುಪಾಲು ಕೊಳ್ಳುವಾಗ ಕಟ್ಟಿದ ಬೆಲೆ 1,000 ಕೋಟಿ ಡಾಲರ್. ಮೂಲ ಬಂಡವಾಳ ಹದಿನೈದು ಸಾವಿರ ಎಂಬುದು ನೆನಪಿರಲಿ.

ಈಗ ಸಿಲ್ನಾ ಸಹೋದರರ ಕಡೆ ಬರೋಣ. 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿತು. ಕೆಂಪು-ಬಿಳಿ-ನೀಲಿ ಚೆಂಡು, ದೂರದಿಂದ ಎಸೆದರೆ ಮೂರು ಅಂಕ, ಗಾಳಿಯಲ್ಲಿ ತೇಲುವಂತೆ ಆಡುತ್ತಿದ್ದ ಜೂಲಿಯಸ್ ಅರ್ವಿಂಗ್. ನೋಡಲು ರಂಜನೆ, ಲೆಕ್ಕದ ಪುಸ್ತಕದಲ್ಲಿ ನಷ್ಟ. ಅಗ್ಗಕ್ಕೆ ಒಂದು ತಂಡ ಕೊಂಡು, ಎನ್‌ಬಿಎ ಬೇಸತ್ತು ತಮ್ಮನ್ನು ಒಳಗೆ ಕರೆದುಕೊಳ್ಳುವವರೆಗೆ ಹೇಗಾದರೂ ಉಸಿರು ಹಿಡಿದಿರುವುದು ಮಾಲೀಕರ ಹಂಚಿಕೆಯಾಗಿತ್ತು. ಎನ್‌ಬಿಎ ಆಟಗಾರರ ಸಂಘದ ಪರವಾಗಿ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಹೂಡಿದ ಮೊಕದ್ದಮೆ ವಿಲೀನಕ್ಕೆ ಅಡ್ಡ ನಿಂತಿತು. ಎರಡು ಲೀಗುಗಳು ಒಂದಾದರೆ ಸಂಬಳಕ್ಕಾಗಿ ಚೌಕಾಸಿ ಮಾಡಲು ಆಟಗಾರನಿಗೆ ಬೇರೆ ಬಾಗಿಲೇ ಇರುವುದಿಲ್ಲವಲ್ಲ. ಹಾಗಾಗಿ ಉಸಿರು ಹಿಡಿಯಬೇಕಾದ ಅವಧಿ ಉದ್ದವಾಯಿತು, ಹಲವರ ಉಸಿರು ನಿಂತಿತು.

1975ರ ಶರತ್ಕಾಲದಲ್ಲಿ ಬಾಲ್ಟಿಮೋರ್ ಕ್ಲಾಸ್ ಅಭ್ಯಾಸ ಪಂದ್ಯಗಳಿಗೇ ಮುಗಿಯಿತು. ಸ್ಯಾನ್ ಡಿಯಾಗೊ ಸೇಲ್ಸ್ ನವೆಂಬರ್‌ನಲ್ಲಿ ಮುಳುಗಿತು. ಡಿಸೆಂಬರ್‌ನಲ್ಲಿ ಯೂಟಾ ಸ್ಟಾರ್ಸ್ ಮುಚ್ಚಿತು. ಅದರ ಮಾಲೀಕ ಬಿಲ್ ಡೇನಿಯಲ್ಸ್ ಕೆಲವು ವರ್ಷಗಳ ನಂತರ ಸಾಲ್ಟ್ ಲೇಕ್ ಸಿಟಿಗೆ ಬಂದು, ಸೀಸನ್ ಟಿಕೆಟ್ ಕೊಂಡು ಕೈಸುಟ್ಟುಕೊಂಡವರಿಗೆಲ್ಲ ಬಡ್ಡಿ ಸಮೇತ ಹಣ ಹಿಂದಿರುಗಿಸಿದರು. ಈ ಇಡೀ ಚರಿತ್ರೆಯಲ್ಲಿ ಅಂಥ ಮಾಲೀಕ ಮತ್ತೊಬ್ಬರು ಸಿಗುವುದು ಕಷ್ಟ. ವರ್ಜೀನಿಯಾ ಸ್ಕ್ವೈರ್ಸ್ ಸಾಲ ತೀರಿಸಲು ಅರ್ವಿಂಗ್‌ನನ್ನು ಮಾರಿತು, ಬಳಿಕ ಜಾರ್ಜ್ ಗರ್ವಿನ್‌ನನ್ನೂ ಮಾರಿತು. ಕೊನೆಗೆ ಮಾರಲು ಯಾರೂ ಉಳಿಯದೆ 1976ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ವಿಲೀನ ನಡೆದದ್ದು ಜೂನ್ 17ರಂದು. ಇನ್ನೊಂದು ತಿಂಗಳು ಎಳೆದಿದ್ದರೆ ಅದರ ಯಜಮಾನರಿಗೂ ಒಂದಿಷ್ಟು ಪರಿಹಾರ ಸಿಗುತ್ತಿತ್ತು.

ಸಿಲ್ನಾಗಳದು ಬಟ್ಟೆ ಉದ್ಯಮ. 1974ರಲ್ಲಿ ಅವರು ಕ್ಯಾರೊಲೈನಾ ಕೂಗರ್ಸ್ ತಂಡವನ್ನು ಕೊಂಡು ಸೇಂಟ್ ಲೂಯಿಸ್‌ಗೆ ಒಯ್ದರು. ಆ ಕೂಗರ್ಸ್ ಕೂಡ ಹ್ಯೂಸ್ಟನ್ನಿನಿಂದ ಎದ್ದು ಬಂದದ್ದೇ. ಸ್ಪಿರಿಟ್ಸ್‌ನಲ್ಲಿ ಪ್ರತಿಭೆಗೆ ಬರವಿರಲಿಲ್ಲ, ಶಿಸ್ತಿಗೆ ಇತ್ತು. ರೇಡಿಯೊ ವಿವರಣೆಗೆ ಕೂತ 22ರ ಹುಡುಗ ಬಾಬ್ ಕೋಸ್ಟಾಸ್ ಮುಂದೆ ಅಮೆರಿಕದ ಹೆಸರಾಂತ ಕ್ರೀಡಾ ನಿರೂಪಕನಾದ. ಮಾರ್ವಿನ್ ಬಾರ್ನ್ಸ್ ಎಂಬ ಆಟಗಾರನ ಬಗ್ಗೆ ಆತ ಹೇಳುವ ಕಥೆ ಜನಜನಿತ. ಲೂಯಿವಿಲ್‌ನಿಂದ ಸೇಂಟ್ ಲೂಯಿಸ್‌ಗೆ ವಿಮಾನ. ನಡುವೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ಹೊರಡುವ ಹೊತ್ತಿಗಿಂತ ಕೆಲವು ನಿಮಿಷ ಮುಂಚೆಯೇ ತಲುಪುವುದಾಗಿ ವೇಳಾಪಟ್ಟಿಯಲ್ಲಿತ್ತು. ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರವನ್ನು ತಾನು ಹತ್ತುವುದಿಲ್ಲವೆಂದು ಬಾರ್ನ್ಸ್ ಬಾಡಿಗೆ ಕಾರು ಮಾಡಿಕೊಂಡು ಹೊರಟನಂತೆ.

ವಿಲೀನದ ಮಾತುಕತೆಯಲ್ಲಿ ಎನ್‌ಬಿಎ ಹೇಳಿದ್ದು ಇಷ್ಟು: ನ್ಯೂಯಾರ್ಕ್ ನೆಟ್ಸ್, ಡೆನ್ವರ್ ನಗೆಟ್ಸ್, ಇಂಡಿಯಾನಾ ಪೇಸರ್ಸ್, ಸ್ಯಾನ್ ಆಂಟೋನಿಯೊ ಸ್ಪರ್ಸ್ ಮಾತ್ರ ಬರಲಿ, ತಲಾ 32 ಲಕ್ಷ ಡಾಲರ್ ತರಲಿ. ಉಳಿದವರನ್ನು ಒಪ್ಪಿಸುವುದು ಆ ನಾಲ್ವರ ತಲೆನೋವು. ನೆಟ್ಸ್ ಪಾಡು ಇನ್ನೂ ಕಷ್ಟ. ನಿಕ್ಸ್‌ನ ಊರಿಗೆ ಬಂದದ್ದಕ್ಕೆ ನಿಕ್ಸ್‌ಗೇ 48 ಲಕ್ಷ ಡಾಲರ್ ಕೊಡಬೇಕಾಗಿ, ಅರ್ವಿಂಗ್‌ನನ್ನೇ 30 ಲಕ್ಷಕ್ಕೆ ಫಿಲಡೆಲ್ಫಿಯಾಕ್ಕೆ ಮಾರಬೇಕಾಯಿತು. ಹೊರಗುಳಿದವರು ಇಬ್ಬರು. ಕೆಂಟಕಿ ಕರ್ನಲ್ಸ್‌ನ ಜಾನ್ ವೈ. ಬ್ರೌನ್, ಕೆಂಟಕಿ ಫ್ರೈಡ್ ಚಿಕನ್‌ನಲ್ಲಿ ಹಣ ಮಾಡಿದವರು, ಸುಮಾರು 30 ಲಕ್ಷ ಡಾಲರ್ ನಗದು ಎಣಿಸಿಕೊಂಡು ಸುಮ್ಮನಾದರು. ಸಿಲ್ನಾಗಳು ಸುಮ್ಮನಾಗಲಿಲ್ಲ. ತಂಡವನ್ನು ಯೂಟಾಕ್ಕೆ ಸಾಗಿಸುವ ಯೋಚನೆಯಲ್ಲಿದ್ದವರು ಅವರು. ಅವರೂ ಅವರ ವಕೀಲ ಡೊನಾಲ್ಡ್ ಶುಪಾಕ್ ಅವರೂ ಕೇಳಿದ್ದು ನಗದು 22 ಲಕ್ಷ ಡಾಲರ್, ಜೊತೆಗೆ ಒಳಹೋಗುವ ನಾಲ್ಕೂ ತಂಡಗಳ ಟೆಲಿವಿಷನ್ ಆದಾಯದಲ್ಲಿ ಏಳನೆಯ ಒಂದು ಪಾಲು. ಅವಧಿ? ಲೀಗ್ ಇರುವವರೆಗೆ.

ಏಳರಲ್ಲಿ ಒಂದು, ನಾಲ್ಕು ಸಲ. ಅಂದರೆ ಒಂದು ತಂಡದ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಅಂದು ಇದನ್ನು ಕೊಟ್ಟವರಿಗೆ ದುಃಖವಾಗಲಿಲ್ಲ, ಏಕೆಂದರೆ ಟಿವಿಯ ದುಡ್ಡು ಬಿಡಿಗಾಸಿನಷ್ಟಿತ್ತು. 1980ರ ಫೈನಲ್‌ನ ನಿರ್ಣಾಯಕ ಪಂದ್ಯವನ್ನೇ ದೇಶದ ಬಹುಭಾಗದಲ್ಲಿ ತಡರಾತ್ರಿ ರೆಕಾರ್ಡ್ ಮಾಡಿ ತೋರಿಸಿದ ಕಾಲ. ಲ್ಯಾರಿ ಬರ್ಡ್, ಮ್ಯಾಜಿಕ್ ಜಾನ್ಸನ್ ಆಗಷ್ಟೇ ಬಂದಿದ್ದರು, ಆಮೇಲೆ ಬಂದದ್ದು ಮೈಕಲ್ ಜೋರ್ಡನ್. ಟಿವಿ ಗುತ್ತಿಗೆ ಒಂದಕ್ಕೆ ಹತ್ತಾಯಿತು, ನೂರಾಯಿತು. ಸ್ಪರ್ಸ್ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆದ್ದರೂ ಏಳನೆಯ ಪಾಲು ಸಿಲ್ನಾಗಳ ಮನೆಗೇ. ಸಂಬಳ ಕೊಡುವ ಆಟಗಾರರಿಲ್ಲ, ಬೈಯುವ ಪ್ರೇಕ್ಷಕರಿಲ್ಲ, ಬಾಡಿಗೆ ಕಟ್ಟಬೇಕಾದ ಅಂಗಣವಿಲ್ಲ. ಕ್ರೀಡಾ ವ್ಯವಹಾರದಲ್ಲಿ ಇದಕ್ಕಿಂತ ಜಾಣ ಒಪ್ಪಂದ ಇನ್ನೊಂದು ಆಗಿಲ್ಲ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ನಮ್ಮಲ್ಲೂ ಇದರ ದೂರದ ನೆಂಟನೊಬ್ಬ ಇದ್ದಾನೆ. ಐಪಿಎಲ್‌ನಲ್ಲಿ 2011ರ ಒಂದೇ ಸೀಸನ್ ಆಡಿ ರದ್ದಾದ ಕೊಚ್ಚಿ ಟಸ್ಕರ್ಸ್ ಪರವಾಗಿ ಬಂದಿದ್ದ, ಒಟ್ಟು 538 ಕೋಟಿ ರೂಪಾಯಿಯ ಪಂಚಾಯಿತಿ ತೀರ್ಪುಗಳನ್ನು ಬಾಂಬೆ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ಬಾಲ್ಟಿಮೋರ್ ನಂತರ ಎನ್‌ಬಿಎಯಲ್ಲಿ ತಂಡಗಳು ಸಾಯುವುದು ನಿಂತಿತ್ತು, ಟಿವಿಯ ಹಣ ಎಲ್ಲರಿಗೂ ಸಮನಾಗಿ ಹಂಚಿಕೆಯಾಗತೊಡಗಿದ ಮೇಲೆ ಸಾಯುವ ಭಯವೂ ಹೋಯಿತು. ಸೋತರೂ ಪಾಲು ಬರುತ್ತದೆ. ಅಲ್ಲಿಂದಾಚೆಗೆ ಅಪಾಯ ಊರುಗಳಿಗೆ.

ಜಾನ್ ವೈ. ಬ್ರೌನ್ ತಮಗೆ ಸಿಕ್ಕ ಪರಿಹಾರದ ಬಲದಲ್ಲಿ ಬಫಲೊ ಬ್ರೇವ್ಸ್ ತಂಡಕ್ಕೆ ಕೈಹಾಕಿದರು. 1978ರಲ್ಲಿ ಇನ್ನೂ ವಿಚಿತ್ರ ನಡೆಯಿತು. ಸೆಲ್ಟಿಕ್ಸ್ ಮಾಲೀಕ ಇರ್ವ್ ಲೆವಿನ್ ಕ್ಯಾಲಿಫೋರ್ನಿಯಾದವರು, ಅವರಿಗೆ ತಮ್ಮೂರಲ್ಲಿ ತಂಡ ಬೇಕು. ಸೆಲ್ಟಿಕ್ಸ್ ಬಾಸ್ಟನ್ ಬಿಡಲು ಲೀಗ್ ಒಪ್ಪುವ ಮಾತೇ ಇಲ್ಲ. ಆಗ ಲೀಗಿನ ವಕೀಲರಾಗಿದ್ದ, ಮುಂದೆ ಅದರ ಆಯುಕ್ತರಾದ ಡೇವಿಡ್ ಸ್ಟರ್ನ್ ಒಂದು ದಾರಿ ಹುಡುಕಿದರು: ಇಬ್ಬರು ಮಾಲೀಕರೂ ತಂಡಗಳನ್ನೇ ಅದಲುಬದಲು ಮಾಡಿಕೊಳ್ಳಲಿ. ಬ್ರೌನ್‌ಗೆ ಬಾಸ್ಟನ್, ಲೆವಿನ್‌ಗೆ ಬ್ರೇವ್ಸ್. ಲೆವಿನ್ ಅದನ್ನು ಕಟ್ಟಿಕೊಂಡು ಸ್ಯಾನ್ ಡಿಯಾಗೊಗೆ ಹೋಗಿ ಕ್ಲಿಪ್ಪರ್ಸ್ ಎಂದು ಕರೆದರು. ಅದಕ್ಕೆ ಕೆಲವೇ ವಾರ ಮೊದಲು ಸೆಲ್ಟಿಕ್ಸ್ ಆರಿಸಿಕೊಂಡಿದ್ದ ಲ್ಯಾರಿ ಬರ್ಡ್ ಎಂಬ ಕಾಲೇಜು ಹುಡುಗನ ಮೇಲಿನ ಹಕ್ಕು ಬಾಸ್ಟನ್ನಿನಲ್ಲೇ ಉಳಿಯಿತು. ಬಫಲೊಗೆ ಏನೂ ಉಳಿಯಲಿಲ್ಲ. ಆ ಊರಿಗೆ ಇಂದಿಗೂ ಎನ್‌ಬಿಎ ತಂಡವಿಲ್ಲ.

ಕ್ಲಿಪ್ಪರ್ಸನ್ನು 1981ರಲ್ಲಿ ಡೊನಾಲ್ಡ್ ಸ್ಟರ್ಲಿಂಗ್ 1.25 ಕೋಟಿ ಡಾಲರಿಗೆ ಕೊಂಡರು. 1984ರಲ್ಲಿ ಲೀಗಿನ ಅಪ್ಪಣೆಯನ್ನೂ ಕೇಳದೆ ಲಾಸ್ ಏಂಜಲೀಸ್‌ಗೆ ಸಾಗಿಸಿದರು. ಮೂರು ದಶಕ ತಂಡ ಸೋಲುತ್ತ ಬಿದ್ದಿತ್ತು. 2014ರಲ್ಲಿ ಅವರ ಜನಾಂಗೀಯ ನಿಂದನೆಯ ಧ್ವನಿಮುದ್ರಣ ಹೊರಬಿದ್ದು, ಲೀಗ್ ಅವರನ್ನು ಆಜೀವ ನಿಷೇಧಿಸಿತು. ಶಿಕ್ಷೆಯ ಫಲ ಏನೆಂದರೆ, ಮೈಕ್ರೊಸಾಫ್ಟ್‌ನ ಸ್ಟೀವ್ ಬಾಮರ್ ಆ ತಂಡಕ್ಕೆ 200 ಕೋಟಿ ಡಾಲರ್ ಕೊಟ್ಟರು. ಇಂಥ ದಂಡನೆ ಯಾರಿಗುಂಟು!

ಊರಿನ ನೋವನ್ನು ಅಳೆಯಬೇಕೆಂದರೆ ಸಿಯಾಟಲ್ ನೋಡಬೇಕು. ಅಲ್ಲಿನ ಸೂಪರ್‌ಸಾನಿಕ್ಸ್ 1967ರಿಂದ ಆಡಿದ ತಂಡ, 1979ರ ಚಾಂಪಿಯನ್. ಸ್ಟಾರ್‌ಬಕ್ಸ್‌ನ ಹೊವಾರ್ಡ್ ಶುಲ್ಟ್ಸ್ 2001ರಲ್ಲಿ ಅದನ್ನು ಕೊಂಡರು. ಅಂಗಣದ ನವೀಕರಣಕ್ಕೆ ಸಾರ್ವಜನಿಕರ ಹಣ ಕೇಳಿದರು, ಸರ್ಕಾರ ಕೊಡಲಿಲ್ಲ. 2006ರಲ್ಲಿ ಒಕ್ಲಹಾಮಾದ ಕ್ಲೇ ಬೆನೆಟ್ ಬಳಗಕ್ಕೆ 35 ಕೋಟಿ ಡಾಲರಿಗೆ ಮಾರಿದರು. ಸಿಯಾಟಲ್‌ನಲ್ಲೇ ಹೊಸ ಅಂಗಣಕ್ಕೆ ಪ್ರಾಮಾಣಿಕವಾಗಿ ಯತ್ನಿಸುತ್ತೇವೆ ಎಂಬುದು ಕೊಂಡವರ ಮಾತು. ಅವರ ಊರು ಒಕ್ಲಹಾಮಾ ಸಿಟಿ, ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ತಂಡಕ್ಕೆ ಎರಡು ಸೀಸನ್ ಆಶ್ರಯ ಕೊಟ್ಟು, ತನಗೂ ಒಂದು ತಂಡ ಬೇಕೆಂದು ಹಂಬಲಿಸುತ್ತಿತ್ತು ಎಂಬುದನ್ನು ಬಲ್ಲವರಿಗೆ ಆ ಮಾತಿನ ತೂಕ ಗೊತ್ತಿತ್ತು. 2008ರ ಏಪ್ರಿಲ್‌ನಲ್ಲಿ ಮಾಲೀಕರ ಸಭೆ 28-2 ಮತಗಳಿಂದ ಸ್ಥಳಾಂತರಕ್ಕೆ ಒಪ್ಪಿತು. ವಿರೋಧಿಸಿದವು ಡಲ್ಲಾಸ್ ಮತ್ತು ಪೋರ್ಟ್‌ಲೆಂಡ್ ಮಾತ್ರ. 2010ರವರೆಗಿನ ಬಾಡಿಗೆ ಕರಾರನ್ನು ಹಿಡಿದು ನಗರಾಡಳಿತ ಕೋರ್ಟಿಗೆ ಹೋಗಿತ್ತು. ತೀರ್ಪಿಗೆ ಮೊದಲೇ 4.5 ಕೋಟಿ ಡಾಲರಿಗೆ ರಾಜಿಯಾಯಿತು. ಕೆವಿನ್ ಡ್ಯುರಾಂಟ್ ಸಮೇತ ಆಟಗಾರರು ಹೋಗಿ ಥಂಡರ್ ಆದರು. ಹೆಸರು ಮತ್ತು ಬಣ್ಣ ಸಿಯಾಟಲ್‌ನಲ್ಲೇ ಉಳಿದವು.

ಅದೇ ಖರೀದಿಯಲ್ಲಿ ಬೆನೆಟ್ ಬಳಗಕ್ಕೆ ಸ್ಟಾರ್ಮ್ ಎಂಬ ಮಹಿಳಾ ತಂಡವೂ ಬಂದಿತ್ತು. ಅದನ್ನು ಸಿಯಾಟಲ್‌ನ ಮಹಿಳೆಯರ ಬಳಗವೊಂದು 1 ಕೋಟಿ ಡಾಲರಿಗೆ ಕೊಂಡು ಊರಲ್ಲೇ ಉಳಿಸಿಕೊಂಡಿತು. 2010, 2018, 2020ರಲ್ಲಿ ಸ್ಟಾರ್ಮ್ ಚಾಂಪಿಯನ್ ಆಯಿತು. ಪುರುಷರ ತಂಡ ಕಳಕೊಂಡ ಗೋಳಿನ ನಡುವೆ ಈ ಕಥೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಖಾಲಿ ಬಿದ್ದ ಸಿಯಾಟಲ್ ಬೇರೆ ಊರುಗಳನ್ನು ಬೆದರಿಸಲು ಒದಗಿತು. 2013ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಅದರ ಮಾಲೀಕರು ಸಿಯಾಟಲ್ ಬಳಗಕ್ಕೆ ಮಾರಲು ಹೊರಟಿದ್ದರು. ಕಿಂಗ್ಸ್ ಎಂದರೆ ರೋಚೆಸ್ಟರ್, ಸಿನ್ಸಿನಾಟಿ, ಕ್ಯಾನ್ಸಸ್ ಸಿಟಿ ಸುತ್ತಿ ಬಂದ ತಂಡ. ಗಂಟುಮೂಟೆ ಕಟ್ಟುವುದು ಅದಕ್ಕೆ ಹೊಸತಲ್ಲ. ಆದರೆ ಆ ಊರಿನ ಮೇಯರ್ ಕೆವಿನ್ ಜಾನ್ಸನ್ ಸ್ವತಃ ಎನ್‌ಬಿಎ ಆಟಗಾರನಾಗಿದ್ದವರು. ಹೊಸ ಅಂಗಣಕ್ಕೆ ನಗರದ ಕಡೆಯಿಂದ ಸುಮಾರು 25 ಕೋಟಿ ಡಾಲರ್ ಹೊಂದಿಸಿ, ಬೇರೆ ಖರೀದಿದಾರರನ್ನೂ ಹುಡುಕಿದರು. ಸ್ಥಳಾಂತರವನ್ನು ಮಾಲೀಕರು 22-8 ಮತಗಳಿಂದ ತಳ್ಳಿಹಾಕಿದರು. ಹಾಗೆ ಕಿಂಗ್ಸ್ ಒಡೆಯರಾದ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು, ಎನ್‌ಬಿಎ ತಂಡದ ಬಹುಪಾಲು ಕೈಯಲ್ಲಿಟ್ಟುಕೊಂಡ ಮೊದಲ ಭಾರತೀಯ ಮೂಲದವರು. 2019ರ ಅಕ್ಟೋಬರ್‌ನಲ್ಲಿ ಅವರ ತಂಡ ಪೇಸರ್ಸ್ ಜೊತೆ ಮುಂಬೈಯಲ್ಲಿ ಎರಡು ಪ್ರದರ್ಶನ ಪಂದ್ಯ ಆಡಿತು. ಭಾರತದ ಸ್ವಂತ ಯತ್ನವಾದ ಯುಬಿಎ ಲೀಗ್ ಅಷ್ಟರಲ್ಲಾಗಲೇ ನಿಂತುಹೋಗಿತ್ತು. 2015ರಿಂದ 2017ರವರೆಗೆ ನಡೆದ ಅದರಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. ಲೀಗೇ ಮುಳುಗಿದರೆ ಒಳಗಿನ ಜಾಗಕ್ಕೆ ಬೆಲೆ ಕಟ್ಟುವವರು ಯಾರು?

ಕೆಲವೊಮ್ಮೆ ಕೊಳ್ಳುವವರೇ ಸಿಗದೆ ಲೀಗೇ ಯಜಮಾನನಾಗುವುದೂ ಉಂಟು. 2010ರ ಕೊನೆಯಲ್ಲಿ ನ್ಯೂ ಆರ್ಲಿಯನ್ಸ್ ತಂಡವನ್ನು ಎನ್‌ಬಿಎ ತಾನೇ ಕೊಂಡಿತು. ಮರುವರ್ಷ ಆ ತಂಡದ ತಾರೆ ಕ್ರಿಸ್ ಪಾಲ್ ಲೇಕರ್ಸ್‌ಗೆ ಹೋಗುವ ವಿನಿಮಯವನ್ನು ಸ್ಟರ್ನ್ ತಡೆದರು. ತಡೆದದ್ದು ಆಯುಕ್ತರಾಗಿಯೋ ಮಾಲೀಕರ ಪ್ರತಿನಿಧಿಯಾಗಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಈಗ ಲೀಗಿನಲ್ಲಿರುವುದು 30 ತಂಡಗಳು, ಕೊನೆಯ ಹೊಸ ತಂಡ ಸೇರಿದ್ದು 2004ರಲ್ಲಿ. ಸಿಯಾಟಲ್‌ಗೆ, ಲಾಸ್ ವೇಗಸ್‌ಗೆ ತಂಡ ಕೊಡುವ ಮಾತು ವರ್ಷಗಳಿಂದ ಓಡಾಡುತ್ತಿದೆ. ಹೊಸಬರು ಕಟ್ಟುವ ಪ್ರವೇಶ ಶುಲ್ಕವನ್ನು ಹಳೆಯ ಮಾಲೀಕರು ಹಂಚಿಕೊಳ್ಳುತ್ತಾರೆ, ಆಟಗಾರರಿಗೆ ಅದರಲ್ಲಿ ಪಾಲಿಲ್ಲ. ಹಾಗಿದ್ದೂ ಹಿಂಜರಿಕೆ ಏಕೆಂದರೆ 2025-26ರಿಂದ 11 ವರ್ಷಗಳ ಟಿವಿ ಒಪ್ಪಂದ ಸುಮಾರು 7,600 ಕೋಟಿ ಡಾಲರಿನದು. ಅದನ್ನು ಮೂವತ್ತರ ಬದಲು ಮೂವತ್ತೆರಡರಿಂದ ಭಾಗಿಸಿದರೆ ಪ್ರತಿಯೊಬ್ಬರಿಗೂ ಪ್ರತಿ ವರ್ಷ ಕಡಿತ. ಬೆದರಿಸಲು ಒಂದು ಖಾಲಿ ಊರೂ ಕಡಿಮೆಯಾಗುತ್ತದೆ.

ಸಿಯಾಟಲ್‌ನಿಂದ ತಂಡ ಪಡೆದ ಒಕ್ಲಹಾಮಾ ಸಿಟಿಗೂ ಈ ಲೆಕ್ಕ ತಪ್ಪಲಿಲ್ಲ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಮತದಾರರ ಮುಂದೆ ಒಂದು ಪ್ರಸ್ತಾವ ಬಂತು. ಕನಿಷ್ಠ 90 ಕೋಟಿ ಡಾಲರಿನ ಹೊಸ ಅಂಗಣ, ಅದರಲ್ಲಿ ತಂಡದ ಮಾಲೀಕರ ಪಾಲು 5 ಕೋಟಿ, ಉಳಿದದ್ದರ ಮುಖ್ಯ ಭಾರ ಮಾರಾಟ ತೆರಿಗೆಯ ಮೂಲಕ ಜನರ ಮೇಲೆ. ಪ್ರತಿಯಾಗಿ ತಂಡ ಹೊಸ ಅಂಗಣದಲ್ಲಿ 25 ವರ್ಷ ಇರುತ್ತದೆ. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹೌದು ಎಂದರು. 2025ರ ಜೂನ್‌ನಲ್ಲಿ ಥಂಡರ್ ಪೇಸರ್ಸನ್ನು ಏಳನೆಯ ಪಂದ್ಯದಲ್ಲಿ ಸೋಲಿಸಿ ಆ ಊರಿಗೆ ಮೊದಲ ಪ್ರಶಸ್ತಿ ತಂದಿತು.